ಸಿಸಿಲಿಯನ್ ಸಾಹೇಬನ ಹದಿನಾರನೇ ನಡೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಈ ಮಹಾಶಯನಿಗೆ ಚೆಸ್ ಕ್ಲಬ್ಬಿನವರು ಇಟ್ಟ ಹೆಸರು ಸಿಸಿಲಿಯನ್ ಸಾಹೇಬ. ಎದುರಾಳಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರೆ ಸಾಕು, ಇವನು ಮಂತ್ರಿ ಪಕ್ಕದ ಒಂಟೆಯ ಕಾಲಾಳನ್ನು ಎರಡು ಮನೆ ದೂಡಿ, "ಸಿಸಿಲಿಯನ್!" ಎಂದು ಆ ಆರಂಭದ ಹೆಸರನ್ನು ಇಡೀ ಹಾಲ್‌ಗೆ ಕೇಳುವಂತೆ ಗೊಣಗುತ್ತಿದ್ದ. ಗೊತ್ತಿದ್ದದ್ದು ಅದೊಂದೇ. ಅದೂ ಪುಸ್ತಕದಿಂದ ಉರು ಹೊಡೆದ ಹದಿನೈದು ನಡೆ. ಆಮೇಲೆ ದೇವರೇ ಗತಿ. ಆದರೂ ಹನ್ನೆರಡು ವರ್ಷದಿಂದ ತಂಡದ ಮೊದಲ ಮೇಜು, ಅಂದರೆ ಎಲ್ಲರಿಗಿಂತ ದೊಡ್ಡ ಆಟಗಾರನ ಜಾಗ, ಇವನದೇ. ಆ ಕುರ್ಚಿಗೆ ಮನೆಯಿಂದ ದಿಂಬು ಬೇರೆ ತಂದಿಟ್ಟಿದ್ದ.

ಹೋದ ವರ್ಷ ಅಂಚೆ ಹಂಚುವ ಹೆಂಗಸು ಇವನೆದುರು ಗೆಲ್ಲುವ ಆಟದಲ್ಲಿ ನಡೆ ಆಡಿದ ಮೇಲೆ ಗಡಿಯಾರದ ಗುಂಡಿ ಒತ್ತಲು ಮರೆತಳು. ಒತ್ತದಿದ್ದರೆ ಕರಗುವುದು ತನ್ನದೇ ಸಮಯ. ಸಾಹೇಬ ಕೈಕಟ್ಟಿ, ಮೀಸೆಯೊಳಗೇ ನಗುತ್ತ ಕೂತ. ಗೆದ್ದದ್ದು ಸಾಲದೆ ಸಭೆ ಕರೆದು ನಿಯಮವನ್ನೇ ಬರೆಸಿದ: ಗುಂಡಿ ಮರೆತವರಿಗೆ ಯಾರೂ ನೆನಪಿಸಬಾರದು, ನೆನಪಿಸಿದವರು ಕ್ಲಬ್ಬಿನಿಂದ ಹೊರಗೆ.

ಈ ಸಲವೂ ಮೊದಲ ಮೇಜಿಗಾಗಿ ಅವರಿಬ್ಬರೇ ಎದುರಾದರು. ಗೆದ್ದವರಿಗೆ ಆ ಕುರ್ಚಿ.

"ಏನಮ್ಮಾ, ಕಾಗದ ಹಂಚೋದು ಬಿಟ್ಟು ಮತ್ತೆ ಬಂದ್ರಾ?"

"ಆಡಿ ಸರ್, ನಿಮ್ಮ ಸರದಿ," ಎಂದಳು ಆಕೆ, ರಾಜನ ಕಾಲಾಳನ್ನು ತಳ್ಳಿ.

ಹದಿನೈದು ನಡೆ ಪಟಪಟನೆ ಮುಗಿದವು. ಪುಸ್ತಕ ಖಾಲಿ! ಹದಿನಾರನೆಯದಕ್ಕೆ ಸಾಹೇಬ ತನಗಿದ್ದ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ತಿಣುಕಿದ. ಕೊನೆಗೆ, ಅಬ್ಬಾ, ಹೊಳೆದೇಬಿಟ್ಟಿತು. ಕುದುರೆಯನ್ನು ಬಲಿಕೊಟ್ಟರೆ ಎದುರಿನ ರಾಜ ಬಯಲಿಗೆ ಬೀಳುತ್ತಾನೆ. ಜನ್ಮದಲ್ಲಿ ಸ್ವಂತ ತಲೆಯಿಂದ ಬಂದ ಮೊದಲ ನಡೆ ಅದು. ಕುದುರೆಯನ್ನು ಟಪ್ಪೆಂದು ಕುಕ್ಕಿ ಎದ್ದವನೇ, "ನೋಡಿದ್ರೇನ್ರೋ ಕುದುರೆನ?" ಎಂದು ಮೇಜಿಂದ ಮೇಜಿಗೆ ಮೆರೆದ.

ತೀರ್ಪುಗಾರನಾಗಿದ್ದ ಅವನ ಭಾಮೈದ ಎರಡು ಸಲ ಕೆಮ್ಮಿದ.

"ನೆಗಡಿಯಾಗಿದ್ರೆ ಮನೇಲಿ ಬಿದ್ಕೋ," ಎಂದು ಗದರಿ ಸಾಹೇಬ ಚಹಾ ಕುಡಿಯಲು ಹೋದ.

ಮರಳಿದಾಗ ಅಂಚೆಯಾಕೆ ಕೈಕಟ್ಟಿ ಕೂತಿದ್ದಳು.

"ಇನ್ನೂ ಆಡಿಲ್ವಾ? ಸೋತೆ ಅಂತ ಒಪ್ಕೊಳ್ಳಿ ಮತ್ತೆ."

"ಭಾವ," ಎಂದ ಭಾಮೈದ, "ನಿಮ್ಮ ಟೈಮೇ ಮುಗಿದ್ಹೋಯ್ತು. ಗುಂಡಿ ಒತ್ತಿಲ್ಲ ನೀವು."

ಸಾಹೇಬನ ಮುಖ ಸಪ್ಪಗಾಯಿತು. "ಅಯ್ಯೋ, ಒಬ್ಬನಾದ್ರೂ ಹೇಳ್ಬಾರ್ದಿತ್ತೇನ್ರೋ?"

ಭಾಮೈದ ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆ ತೋರಿಸಿದ. ಕೆಳಗೆ ಸಾಹೇಬನದೇ ಸೊಟ್ಟ ಸಹಿ ಇತ್ತು.

"ನಡೆ ಮಾತ್ರ ಭರ್ಜರಿಯಾಗಿತ್ತು ಸರ್," ಎಂದಳು ಅಂಚೆಯಾಕೆ. "ಎಷ್ಟು ಯೋಚಿಸಿದ್ರೂ ನಂಗೆ ಉತ್ತರ ಹೊಳೀಲಿಲ್ಲ." ಆಮೇಲೆ ಎದ್ದು ಬಂದು, ಕುರ್ಚಿಯ ಮೇಲಿನ ದಿಂಬನ್ನೆತ್ತಿ ಅವನ ಕೈಗಿಟ್ಟಳು.

ಸಾಹೇಬ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಬಗ್ಗಿ, ಗುಂಡಿ ಒತ್ತಿದ.