ರವೀಂದ್ರನ ಹಳದಿ ಅಂಗಿ

ಹೊಳನಗದ್ದೆಯ ರವೀಂದ್ರನಿಗೆ ಮಾತು ಮೊದಲೇ ಕಮ್ಮಿ. ತಾಯಿ ದುರ್ಗಿ ತೀರಿಕೊಂಡ ಮೇಲೆ ಅದೂ ಹೋಯಿತು. ಅವನು ಶಾಲೆಗೆ ಹೋಗುವಾಗಲೇ ಅಪ್ಪ ಸತ್ತಿದ್ದ; ಒಡಹುಟ್ಟಿದವರಿಲ್ಲ, ಮದುವೆಯೂ ಆಗಿಲ್ಲ. ಕುಮಟಾದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಮೊಳೆ ತೂಗಿ ಕೊಡುತ್ತಾನೆ, ಸಂಜೆ ಮನೆಗೆ ಹೋಗಿ ಗಂಜಿ ಬೇಯಿಸಿಕೊಳ್ಳುತ್ತಾನೆ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗೆ, ಇಡೀ ವರ್ಷ ಅವನಿಗೆ ಏನೂ ತಾಗಲಿಲ್ಲ.

"ಅಳೂಕೇ ಬರೂದಿಲ್ಲ, ಎಂತ ಮಾಡೂದು?" ಎಂದು ಒಮ್ಮೆ ನನ್ನನ್ನು ಕೇಳಿದ್ದ, ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿದ ಹಾಗೆ.

ಅವನಿಗೆ ಉಳಿದದ್ದು ಭಾನುವಾರದ ಸೈಕಲ್ ಒಂದೇ. ನಾವು ಏಳೆಂಟು ಜನ ಬೆಳಿಗ್ಗೆ ಕುಮಟಾದಿಂದ ಕಾಗಾಲದವರೆಗೆ ತುಳಿದು, ಬನ್ಸ್ ತಿಂದು ವಾಪಸ್ಸು ಬರುವವರು. ಕರಗಿಸಿದ ಹೊಟ್ಟೆಯನ್ನು ಅಲ್ಲೇ ತುಂಬಿಸಿಕೊಂಡು ಬರುತ್ತೇವೆ ಎನ್ನಿ. ಎಲ್ಲರಿಗೂ ಮೈಗಂಟುವ ಬಣ್ಣದ ಅಂಗಿ ಇತ್ತು. ರವೀಂದ್ರ ಮಾತ್ರ ಅಂಗಡಿಗೆ ಹಾಕುವ ಅಂಗಿಯಲ್ಲೇ ಬರುತ್ತಿದ್ದ.

ಪೇಟೆಯಲ್ಲಿ ಬಸಳೆ, ಹರಿವೆ ಮಾರುತ್ತಿದ್ದ ದುರ್ಗಿ ಇದನ್ನು ಗಮನಿಸಿದ್ದಳಂತೆ. ಅವಳ ಪಕ್ಕ ಕೂತು ಮಾರುವ ಹೊನ್ನಮ್ಮ ಆಮೇಲೆ ನಮಗೆ ಹೇಳಿದ ಮಾತು ಇದು. ಮಗ ಗುಂಪಿನಲ್ಲಿ ಬೇರೆಯಾಗಿ ಕಾಣಬಾರದೆಂದು, ರಾಶಿ ಹಾಕಿ ಬಟ್ಟೆ ಮಾರುವವನ ಬಳಿ ಒಂದು ಹಳದಿ ಅಂಗಿ ಆರಿಸಿದಳು. ಓದು ಬಾರದವಳು, ಯಾವುದರ ಮೇಲೆ ಅಕ್ಷರ ಜಾಸ್ತಿಯೋ ಅದೇ ಒಳ್ಳೆಯದೆಂದು ತಿಳಿದಳು. ಅದು ಯಾವುದೋ ವಿದೇಶಿ ವೃತ್ತಿಪರ ಸೈಕಲ್ ತಂಡದ ಅಂಗಿಯ ನಕಲು. ಎದೆ, ಬೆನ್ನು, ತೋಳು, ಎಲ್ಲೆಲ್ಲೂ ಕಂಪನಿಗಳ ಹೆಸರು. ಮಗ ಅದನ್ನು ಹಾಕುವ ಮೊದಲೇ ಅವಳು ಬಸಳೆ ಕಟ್ಟು ಕಟ್ಟುತ್ತಲೇ ಕುಸಿದು ಹೋದಳು. ತಾಯಿ ಸತ್ತ ವರ್ಷ ಹೊಸ ಬಟ್ಟೆ ಹಾಕುವಂತಿಲ್ಲ. ವರ್ಷಾಂತಿಕ ಮುಗಿಯುವವರೆಗೆ ಅಂಗಿ ಟ್ರಂಕಿನಲ್ಲೇ ಉಳಿಯಿತು.

ಅದರ ಮುಂದಿನ ಭಾನುವಾರ ಅವನು ಅದನ್ನು ಹಾಕಿಕೊಂಡು ಬಂದ. ನಮ್ಮಲ್ಲಿ ಹಿರಿಯರಾದ, ಮೆಡಿಕಲ್ ಶಾಪಿನ ಸುದರ್ಶನಣ್ಣ ನೋಡಿದ್ದೇ ಮುಖ ಸಿಂಡರಿಸಿದರು.

"ಇದೆಂತದಾ ರವೀಂದ್ರಾ? ಇದು ರೇಸಲ್ಲಿ ಗೆದ್ದು ಬಂದೋರು ಹಾಕೂ ಅಂಗಿ. ಬನ್ಸ್ ತಿನ್ನೂಕೆ ಹೋಗೋರು ಹಾಕ್ಕಂಡ್ರೆ ಜನ ನಗೂದಿಲ್ವಾ?"

"ಹಂಗಾದ್ರೆ ಕ್ರಿಕೆಟ್ ತಂಡದ ಅಂಗಿ ಹಾಕ್ಕಂಡು ತಿರುಗೋರೆಲ್ಲ ರನ್ ಹೊಡದೋರಾ ಸುದರ್ಶನಣ್ಣ?" ಎಂದಳು ನಮ್ಮ ಗುಂಪಿನ ನರ್ಸ್ ಕವಿತಾ.

"ಅದು ಅಭಿಮಾನ. ಇದು ವೇಷ. ವೇಷ ಕಟ್ಟಿದ ಮೇಲೆ ಕುಣೀಬೇಕು. ಇದ್ನ ಬಿಚ್ಚಿಟ್ಟು ಬರೂದಾದ್ರೆ ಬರ್ಲಿ, ಇಲ್ದಿದ್ರೆ ಬರೂದೇ ಬ್ಯಾಡ."

ಏರು ಬಂದರೆ ಇಳಿದು ತಳ್ಳುವ ಗುಂಪು ನಮ್ಮದು. ನಿಯಮಕ್ಕೆ ಮಾತ್ರ ಕೊರತೆಯಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇದ್ದ ಒಂದು ಭಾನುವಾರವೂ ಹೋದರೆ ಇವನು ಏನು ಮಾಡಬೇಕು?

ರವೀಂದ್ರ ಸೈಕಲ್ಲನ್ನು ಗೋಡೆಗೆ ಒರಗಿಸಿದ. ನೇರ ಸುದರ್ಶನಣ್ಣನ ಎದುರು ಬಂದು, ಬಗ್ಗಿ ಎರಡೂ ಕಾಲು ಮುಟ್ಟಿದ.

ಅವರು ಗಾಬರಿಯಾಗಿ ಹಿಂದೆ ಸರಿದರು. "ಏ, ಎಂತ ಮಾರಾಯಾ ಇದು! ಒಂದು ಅಂಗಿ ಸಲುವಾಗಿ ಕಾಲಿಗೆ ಬೀಳೂದಾ? ಆತು, ಹಾಕ್ಕಾ."

ರವೀಂದ್ರ ಎದ್ದು ನಿಂತ. ಮುಖ ಎಂದಿನಂತೆಯೇ ಇತ್ತು.

"ಅದಕ್ಕಲ್ಲ ಸುದರ್ಶನಣ್ಣ. ಅಮ್ಮ ತಂದಿಟ್ಟ ಹೊಸ ಅಂಗಿ. ಹಾಕ್ಕಂಡು ಕಾಲು ಮುಟ್ಟೂಕೆ ಮನೇಲಿ ದೊಡ್ಡೋರು ಯಾರೂ ಇಲ್ಲ."