ಗೇಟಿಲ್ಲದ ನೀರು

ಮುನಿರಾಬಾದಿನ ಉಮಾಪತಿಗೆ ನೀರೆಂದರೆ ಕೈಕೆಳಗಿನ ನೌಕರ. ನೀರಾವರಿ ಇಲಾಖೆಯಲ್ಲಿ ಕಾಲುವೆ ಗೇಟು ಎತ್ತಿ ಇಳಿಸುವ ಕೆಲಸಕ್ಕೆ ಸೇರಿ ಹದಿನಾರು ವರ್ಷ. ಚಕ್ರ ಬಲಕ್ಕೆ ತಿರುಗಿಸಿದರೆ ನೀರು ಬರಬೇಕು, ಎಡಕ್ಕೆ ತಿರುಗಿಸಿದರೆ ತೆಪ್ಪಗೆ ನಿಲ್ಲಬೇಕು. ಕಾರಟಗಿ ಕಡೆಯ ದೊಡ್ಡ ಭತ್ತದ ಸಾಹುಕಾರರೂ "ಉಮಾಪತಿಯವರ, ಇನ್ನ ನಾಕ ಬೆರಳ ಎತ್ರಿ" ಎಂದು ಫೋನಿನಲ್ಲೇ ಕೈಮುಗಿಯುತ್ತಿದ್ದರು. ಇಂಥ ಮನುಷ್ಯನಿಗೆ ಈಜು ಬಾರದು ಎಂಬ ಗುಟ್ಟು ಹೆಂಡತಿ ಶಿವಲೀಲಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲಿನಲ್ಲಿ ಕಾಲುವೆ ಬಂದ್ ಆದ ಮೇಲೆ ಮಕ್ಕಳನ್ನು ಕರೆದುಕೊಂಡು ಅಂಡಮಾನಿಗೆ ಹೋಗುವುದೆಂದು ನಿಶ್ಚಯವಾಯಿತು. ಮೂರು ವರ್ಷದ ಗಾಳೇಶ ವಿಮಾನ ವಿಮಾನ ಎಂದು ಕುಣಿದ. ಐದು ವರ್ಷದ ಅನುಷಾ ಮೂಲೆ ಹಿಡಿದು ಕೂತಳು.

"ಸಮುದ್ರದಾಗ ಭಾಳ ನೀರು ಇರತೈತಂತ. ನಾ ಒಲ್ಲೆ."

"ನಾ ಅದೀನಲ್ಲವ್ವ? ಬಂದ್ ಮಾಡ್ತೀನಿ ತಗೋ."

ಬೇರೆ ಯಾವ ಅಪ್ಪ ಹೇಳಿದ್ದರೂ ಮಗು ನಗುತ್ತಿತ್ತು. ಈ ಅಪ್ಪ ನೀರು ನಿಲ್ಲಿಸುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ಎದ್ದು ತನ್ನ ಗೊಂಬೆಯನ್ನೂ ಚೀಲಕ್ಕೆ ತುರುಕಿದಳು.

ರೈಲು, ವಿಮಾನ, ಹಡಗು ಎಲ್ಲ ಆಗಿ ನೀಲ್ ದ್ವೀಪ ಮುಟ್ಟಿದಾಗ ಸಂಜೆ. ಶಿವಲೀಲಾಳ ತಲೆಯ ಮೇಲೆ ಬಿಳಿ ಅರಿವೆಯ ಗಂಟು. ಅದರಲ್ಲಿ ಅರವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಹೊರಗಿನ ಊಟ ಮಕ್ಕಳ ಹೊಟ್ಟೆಗೆ ಆಗದು ಎಂಬುದು ನೆಪ. ರೊಟ್ಟಿ ಇಲ್ಲದೆ ಆಗದಿರುವುದು ಉಮಾಪತಿಗೇ. ಎದುರಿಗೆ ಸಮುದ್ರ ಕುದಿಯುವ ಹಾಲಿನಂತೆ ಉಕ್ಕುತ್ತಿತ್ತು. ಅನುಷಾ ಅದಕ್ಕೆ ಬೆನ್ನು ಹಾಕಿ ಕೂತು ಹೇಳಿದಳು:

"ಹೋಗಪ್ಪಾ, ಬಂದ್ ಮಾಡಿ ಬಾ."

"ಇವತ್ತ ಆದಿತ್ವಾರ ಐತಲ್ಲವ್ವ, ಆಫೀಸ್ ಸೂಟಿ," ಎಂದು ಉಮಾಪತಿ ಜಾರಿಕೊಂಡ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರವೇ ಇಲ್ಲ! ನಾಲ್ಕೈದು ಹೊಲದಷ್ಟು ದೂರ ಸರಿದು ನಿಂತಿದೆ. ಬರೀ ಮರಳು, ಕಲ್ಲು, ಅಲ್ಲಲ್ಲಿ ಒಂದೊಂದು ಏಡಿ. ಅನುಷಾ ಓಡಿಬಂದು ಅಪ್ಪನ ಕಾಲು ತಬ್ಬಿಕೊಂಡಳು. "ಬಂದ್ ಮಾಡೀಯಲ್ಲಪ್ಪಾ!"

ನಿಜ ಹೇಳಲು ಅದೇ ಸರಿಯಾದ ಹೊತ್ತು. ಆದರೆ ಮಗಳ ಆ ಮುಖ ನೋಡಿದರೆ ಹರಿಶ್ಚಂದ್ರನೂ ಒಂದು ಸುಳ್ಳು ಹೇಳಿಯಾನು. ಉಮಾಪತಿ ಮೀಸೆ ತಿರುವಿದ. "ನಸುಕಿನ್ಯಾಗ ಎದ್ದು ಮಾಡೀನಿ." ಶಿವಲೀಲಾ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು.

ನೀರು ಒಮ್ಮೆ ಇಳಿಯಿತೆಂದರೆ ಇಳಿಯಿತು, ಉಮಾಪತಿ ಕಂಡ ನ್ಯಾಯ ಅದು. ಬೇಸಿಗೆಯಲ್ಲಿ ಡ್ಯಾಮಿನ ಹಿನ್ನೀರು ಸರಿದ ಜಾಗದಲ್ಲಿ ಕುರಿ ಮೇಯುತ್ತವೆ, ಜನ ಸೌತೆ ಬೀಜ ಹಾಕುತ್ತಾರೆ. ಮತ್ತೆ ನೀರು ಏರುವುದು ಮಳೆಗಾಲಕ್ಕೇ. ಅವನು ನಡುಮಧ್ಯದ ಮರಳು ದಿಬ್ಬದ ಮೇಲೆ ಜಮಖಾನ ಹಾಸಿ, ರೊಟ್ಟಿ ಗಂಟು ಬಿಚ್ಚಿ, ಬೀಗರ ಮನೆಗೆ ಬಂದವನಂತೆ ಕಾಲು ಚಾಚಿದ. ಶಿವಲೀಲಾ ಹಸಿರು ಕುಪ್ಪಸದ ಕಣ, ತೆಂಗಿನಕಾಯಿ ಇಟ್ಟು ನೀರಿನ ದೇವತೆ ಗಂಗವ್ವನಿಗೆ ಉಡಿ ತುಂಬಿದಳು. ದಂಡೆಯಿಂದ ಎಳನೀರು ಮಾರುವವನು ಕೈ ಬೀಸಿ ಕೂಗಿದ: "ಪಾನಿ ಆಯೇಗಾ!"

"ಜೂನ್ ಮೆಂ, ಭಾಯ್, ಜೂನ್ ಮೆಂ!" ನೀರು ಬರುವುದೇನಿದ್ದರೂ ಜೂನಿನಲ್ಲಿ ಎಂದು ಉಮಾಪತಿ ತಿಳಿದವನಂತೆ ಉತ್ತರ ಕೊಟ್ಟ.

ಜೂನ್ ಅರ್ಧ ತಾಸಿನಲ್ಲೇ ಬಂತು. ಅದೂ ಎದುರಿನಿಂದಲ್ಲ, ಹಿಂದಿನಿಂದ. ದಿಬ್ಬಕ್ಕೂ ದಂಡೆಗೂ ನಡುವಿನ ತಗ್ಗು ಸದ್ದಿಲ್ಲದೆ ತುಂಬಿ, ಜಮಖಾನ ತೊಯ್ದು, ರೊಟ್ಟಿಗಳು ಒಂದೊಂದಾಗಿ ತೇಲಿಕೊಂಡು ಹೊರಟವು.

"ಉಡಿ ತುಂಬಿ ಅರ್ಧ ತಾಸ ಆಗಿಲ್ಲ, ಗಂಗವ್ವ ಊಟಕ್ಕ ಬಂದ್ಲಲ್ರಿ!" ಎಂದು ಶಿವಲೀಲಾ ಸೀರೆ ಎತ್ತಿ ಕಟ್ಟಿ ಗಾಳೇಶನನ್ನು ಕಂಕುಳಿಗೆ ಹಾಕಿಕೊಂಡಳು. ಎಳನೀರಿನವನು ಬೈಯುತ್ತಲೇ ಓಡಿಬಂದು ಅವಳ ಕೈ ಹಿಡಿದ.

"ಅಪ್ಪಾ, ಯಾರೋ ಗೇಟ್ ಎತ್ಯಾರ! ಲಗೂನ ಬಂದ್ ಮಾಡು!" ಅನುಷಾ ಕಿರುಚಿದಳು.

ಉಮಾಪತಿಯ ಎರಡೂ ಕೈ ತಾವಾಗಿಯೇ ಮೇಲೆದ್ದು, ಇಲ್ಲದ ಚಕ್ರವನ್ನು ಎಡಕ್ಕೆ ಒಂದು ಸುತ್ತು ತಿರುಗಿಸಿದವು. ನೀರು ಮೊಣಕಾಲಿಗೆ ಬಂತು. ಅವನು ಮಗಳನ್ನು ಹೆಗಲಿಗೇರಿಸಿ ತಗ್ಗಿಗೆ ಇಳಿದ. ಈಜು ಬಾರದವನು ಹೆಜ್ಜೆ ಹೆಜ್ಜೆಗೂ ಕಾಲಿನಿಂದ ತಳ ತಡವುತ್ತ ನಡೆದ.

"ಆಗಂಗಿಲ್ಲವ್ವ. ಇದು ನನ್ನ ನೀರಲ್ಲ. ಇದಕ್ಕ ಗೇಟ್ ಇಲ್ಲ."

"ಮತ್ತ ಮುಂಜಾನಿ?"

"ಅದೂ ನಾ ಮಾಡಿದ್ದಲ್ಲ. ತಾನ ಹೋಗಿತ್ತು."

ನೀರು ತೊಡೆಗೆ, ಸೊಂಟಕ್ಕೆ ಬಂದು ಮತ್ತೆ ಇಳಿಯಿತು. ದಂಡೆಗೆ ಬಂದು ಇಳಿಸಿದ ಕೂಡಲೇ ಅನುಷಾ ಅಪ್ಪನ ಕೈ ಬಿಡಿಸಿಕೊಂಡು ಅಮ್ಮನ ಹತ್ತಿರ ಹೋಗಿ ನಿಂತಳು. ಉಮಾಪತಿಗೆ ಇದರ ಭಯ ನೀರಿನ ಭಯಕ್ಕಿಂತ ಹೆಚ್ಚಾಯಿತು. ಉಳಿದ ಮೂರು ದಿನ ಅವಳು ಅಮ್ಮನ ಕೈ ಹಿಡಿದು ಅಲೆಯಲ್ಲಿ ಆಡಿದಳು. ಅಪ್ಪನನ್ನು ಒಮ್ಮೆಯೂ ಏನೂ ಕೇಳಲಿಲ್ಲ. ರೊಟ್ಟಿ ಇಲ್ಲದ ಉಮಾಪತಿ ಹೋಟೆಲಿನ ಅನ್ನ ಕಲಸುತ್ತ ಕೂತ.

ಜುಲೈನಲ್ಲಿ ಡ್ಯಾಮಿಗೆ ನೀರು ಬಂತು. ಕಾಲುವೆಗೆ ಬಿಡುವ ದಿನ ಉಮಾಪತಿ ಮಗಳನ್ನೂ ಕರೆದುಕೊಂಡು ಹೋದ. ಗೇಟು ಎತ್ತಿದ, ನೀರು ಧುಮುಕಿತು. ಅನುಷಾ ಸೊಂಟದ ಮೇಲೆ ಕೈ ಇಟ್ಟು ತನಿಖೆಗೆ ಬಂದ ಅಧಿಕಾರಿಯ ಹಾಗೆ ನೋಡಿದಳು.

"ಖರೇನ ನೀ ಬಿಟ್ಟಿಯೇನಪ್ಪಾ? ತಾನ ಬಂತೋ?"

ಹದಿನಾರು ವರ್ಷದ ನೌಕರಿಗೆ ಬಿದ್ದ ಏಟು ಅದು. ಉಮಾಪತಿ ವಾದ ಮಾಡಲಿಲ್ಲ. ಅವಳನ್ನು ಎತ್ತಿ ಚಕ್ರದ ಮುಂದೆ ನಿಲ್ಲಿಸಿ, ಅವಳ ಕೈ ಮೇಲೆ ತನ್ನ ಕೈ ಇಟ್ಟ. ಇಬ್ಬರೂ ಎಡಕ್ಕೆ ತಿರುಗಿಸಿದರು. ಉಸಿರು ಹತ್ತಿತು, ಕೈಗೆ ಗ್ರೀಸ್ ಮೆತ್ತಿತು, ಕೆಳಗೆ ನೀರಿನ ಸದ್ದು ಸಣ್ಣದಾಗುತ್ತ ಸಣ್ಣದಾಗುತ್ತ ನಿಂತೇಹೋಯಿತು. ಅನುಷಾ ಬಗ್ಗಿ ಬಗ್ಗಿ ನೋಡಿದಳು. ಒಂದು ನಿಮಿಷ ಕಾದಳು, ನೀರು ಹಿಂದಿನಿಂದ ಬರುತ್ತದೇನೋ ಎಂದು ತಿರುಗಿಯೂ ನೋಡಿದಳು. ಬರಲಿಲ್ಲ.

"ಹ್ಞಾಂ," ಎಂದಳು ಗ್ರೀಸ್ ಕೈಯನ್ನು ಅಪ್ಪನ ಅಂಗಿಗೆ ಒರೆಸುತ್ತ. "ಇದು ನಿನ್ನ ನೀರು."

ಅಷ್ಟರಲ್ಲಿ ಕಾರಟಗಿಯಿಂದ ಫೋನು ಬಂತು: "ಉಮಾಪತಿಯವರ, ನೀರ ಯಾಕ ನಿಂತ್ವು?" ಉಮಾಪತಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಮಗಳ ಕೈಯನ್ನು ಮತ್ತೆ ಚಕ್ರದ ಮೇಲಿಟ್ಟು ಬಲಕ್ಕೆ ತಿರುಗಿಸತೊಡಗಿದ.