ಕ್ಲೋರಿನ್ ನೀರಿಗೆ ನಾನು ಆರಿಸಿದ ಬಟ್ಟೆ

ಕೋವಿಡ್ ಕಳೆದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ಎರಡನೆಯ ವರ್ಷ. ಮುಧೋಳದ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಆ ವರ್ಷ ಶಾಲೆಯಲ್ಲಿ ಹೊಸದಾಗಿ ಈಜುಕೊಳ ಕಟ್ಟಿಸಿದ್ದರು, ಅದರ ಉಸ್ತುವಾರಿಯೂ ನನ್ನ ಹೆಗಲಿಗೆ ಬಿತ್ತು. ಐದನೇ ತರಗತಿಯ ಇಪ್ಪತ್ತನಾಲ್ಕು ಮಕ್ಕಳು, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಅಷ್ಟೂ ಮಕ್ಕಳಿಗೆ ಈಜುಡುಗೆ ಆರಿಸುವ ಕೆಲಸವನ್ನು ಹೆಡ್‌ಮಾಸ್ತರರು ನನಗೇ ಬಿಟ್ಟರು. "ನೀವು ರಬಕವಿಯವ್ರು. ಅರಬಿ ವಿಷಯದಾಗ ನಿಮಗ ನಾವೇನ್ ಹೇಳೂದೈತ್ರಿ?" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ, ಅದನ್ನೇನು ಮುಚ್ಚಿಡುವುದು.

ಅರಬಿ ಎಂದರೆ ನಮ್ಮ ಕಡೆ ಬಟ್ಟೆ. ರಬಕವಿ ನೇಕಾರರ ಊರು, ನಮ್ಮದು ಮಗ್ಗದ ಮನೆ. ಸೀರೆ ಆರಿಸುವಾಗ ಅಪ್ಪ ಹೇಗೆ ಪರೀಕ್ಷೆ ಮಾಡುತ್ತಿದ್ದರೋ ಅದೆಲ್ಲ ನನ್ನ ಬೆರಳಿಗೂ ಬಂದಿತ್ತು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ಉಳಿಯಿತೇ ನೋಡಬೇಕು. ಒದ್ದೆ ಮಾಡಿ ಬಿಳಿ ಚಿಂದಿಗೆ ಉಜ್ಜಿ ಬಣ್ಣ ಬಿಟ್ಟಿತೇ ನೋಡಬೇಕು. ಕಡೆಗೆ ಒಮ್ಮೆ ಕೆನ್ನೆಗೆ ಒತ್ತಿಕೊಳ್ಳಬೇಕು. ಮಹಾಲಿಂಗಪುರದ ಅಂಗಡಿಯವನು ಎರಡು ನಮೂನೆ ಮುಂದಿಟ್ಟ. ಒಂದು ಮೆತ್ತಗೆ, ರೇಷ್ಮೆಯ ಹೊಳಪು. ಇನ್ನೊಂದು ಬಿರುಸು, ಮಂಕು. ಮೆತ್ತನೆಯದು ನನ್ನ ಮೂರೂ ಪರೀಕ್ಷೆಗಳಲ್ಲಿ ಪಾಸಾಯಿತು.

"ಮೇಡಂರ, ದಿನಾ ನೀರಾಗ ಇಳಿಯೂ ಹುಡುಗ್ರಿಗಿ ಈ ಬಿರುಸಂದ ತಗೋರಿ. ಮೆತ್ತಂದು ಬಾಳ ದಿನ ತಾಳೂದಿಲ್ಲ" ಎಂದ ಅಂಗಡಿಯವನು.

"ರಬಕವಿ ಮಗಳಿಗೆ ಅರಬಿ ಕಲಸಾಕ ಬರಬ್ಯಾಡ್ರಿ" ಎಂದು ನಕ್ಕುಬಿಟ್ಟೆ. ಬೆಳೆಯುವ ಮಕ್ಕಳಲ್ಲವೇ ಎಂದು ಎಲ್ಲರಿಗೂ ಒಂದೊಂದು ಸೈಜ್ ದೊಡ್ಡದನ್ನೇ ಬರೆಸಿದೆ. ಅರ್ಧ ತೋಳು, ಮೊಣಕಾಲಿನವರೆಗಿನ ಉದ್ದ. ಈಗ ನೆನೆದರೆ ನನ್ನ ಆ ನಗುವಿನ ಮೇಲೇ ಸಿಟ್ಟು ಬರುತ್ತದೆ.

ಆ ಬ್ಯಾಚಿನಲ್ಲಿ ಸುಮಿತ್ರಾ ಎಂಬ ಹುಡುಗಿ ಇದ್ದಳು. ಹತ್ತು ವರ್ಷ, ರನ್ನ ಬೆಳಗಲಿಯಿಂದ ಶಾಲೆಯ ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲ ದಿನ ಅವಳ ಜೊತೆ ಅಜ್ಜಿಯೂ ಬಂದಿದ್ದರು. "ನಮ್ಮ ಹೊಲದ ಬದಿಗೇ ಕಾಲುವಿ ಐತ್ರಿ. ನನ್ನ ಹಿರೇ ಮಗಳು ಅದರಾಗ ಕಾಲ ಜಾರಿ ಹೋದ್ಳು. ನಮ್ಮ ಮನ್ಯಾಗ ಯಾರಿಗೂ ಈಜು ಬರೂದಿಲ್ಲ. ಈಕಿ ಒಬ್ಬಾಕಿಯರ ಕಲೀಲ್ರಿ" ಎಂದು ನನ್ನ ಕೈ ಹಿಡಿದುಕೊಂಡರು. ಮೂರು ತಿಂಗಳಲ್ಲಿ ಕಲಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಹುಡುಗಿ ಚುರುಕು. ತಿಂಗಳೊಳಗೆ ತೇಲಲು ಕಲಿತಳು, ಕೊಳದ ಅರ್ಧ ಅಗಲ ದಾಟತೊಡಗಿದಳು. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಏನೋ ಕೆಟ್ಟಿತು. ಅವಳು ಎಡಗೈಯಿಂದ ಬಲ ಭುಜವನ್ನು ಹಿಡಿದುಕೊಂಡೇ ಈಜಲು ನೋಡುತ್ತಿದ್ದಳು. ಒಂದು ದಿನ ಹತ್ತಿರ ಬಂದು, "ಮೇಡಂ, ಅಂಗಿ ಸಡಲ ಆಗೈತ್ರಿ. ತೋಳು ಕೆಳಗ ಜಾರತೈತ್ರಿ" ಎಂದಳು.

"ನೆವ ಹೇಳಬ್ಯಾಡ. ಅದು ನಾ ನೋಡಿ ಆರಿಸಿದ ಅರಬಿ. ಹೋಗು, ಎರಡೂ ಕೈ ಬೀಸು" ಎಂದು ಗದರಿದೆ.

ಅವಳು ನನ್ನ ಮಾತು ಕೇಳಿದಳು. ಭುಜ ಬಿಟ್ಟು ಎರಡೂ ಕೈ ಬೀಸಿದಳು. ನಡುಗೊಳಕ್ಕೆ ಹೋಗುವಷ್ಟರಲ್ಲಿ ನೀರು ತುಂಬಿ ಜೋತುಬಿದ್ದ ಅಂಗಿಯ ತೋಳು ಭುಜದಿಂದ ಕಳಚಿ ಮೊಣಕೈಗೆ ಇಳಿಯಿತು, ಬಲಗೈ ಮೈಗೆ ಕಟ್ಟಿಹಾಕಿದಂತಾಯಿತು. ಅವಳ ತಲೆ ಒಮ್ಮೆ ಮೇಲೆ ಬಂದು ಮತ್ತೆ ಒಳಗೆ ಹೋಯಿತು. ನಾನು ಉಟ್ಟ ಬಟ್ಟೆಯಲ್ಲೇ ಹಾರಿದೆ. ಎಳೆದು ದಡಕ್ಕೆ ಹಾಕಿದಾಗ ನೀರು ಕಾರಿಕೊಂಡಳು, ಉಸಿರಾಡಿದಳು. ಡಾಕ್ಟರರು ನೋಡಿ ಅಪಾಯವಿಲ್ಲ ಎಂದರು. ಮರುದಿನದಿಂದ ಸುಮಿತ್ರಾ ಕೊಳದ ಕಡೆ ಬರಲಿಲ್ಲ.

ಉಳಿದ ಇಪ್ಪತ್ತಮೂರು ಉಡುಗೆಗಳನ್ನು ತರಿಸಿ ಮೇಜಿನ ಮೇಲೆ ಹರಡಿದೆ. ಹೆಚ್ಚಿನವುಗಳ ಕತ್ತು, ತೋಳು ಜೋತುಬಿದ್ದಿದ್ದವು. ಬಣ್ಣ ಮಾತ್ರ ಹಾಗೇ ಇತ್ತು, ನನ್ನನ್ನು ಮೋಸಗೊಳಿಸಿದ್ದೂ ಅದೇ. ಮಹಾಲಿಂಗಪುರಕ್ಕೆ ಹೋಗಿ ಅಂಗಡಿಯವನ ಮುಂದೆ ತಲೆ ತಗ್ಗಿಸಿ ಎರಡೂ ನಮೂನೆಯ ತುಂಡು ತಂದೆ. ನಾಲ್ಕು ಇಂಚಿನ ಚೌಕ ಕತ್ತರಿಸಿ, ಕೊಳದ ನೀರು ತುಂಬಿದ ಬಕೆಟ್ಟಿನಲ್ಲಿ ನೆನೆಹಾಕಿದೆ. ಕ್ಲೋರಿನ್ ಹಾರಿಹೋಗುತ್ತದೆಂದು ದಿನಾ ನೀರು ಬದಲಿಸುತ್ತಿದ್ದೆ. ಮೂರು ವಾರದ ಮೇಲೆ ಎರಡನ್ನೂ ಎಳೆದು ಬಿಟ್ಟು ಸ್ಕೇಲ್ ಇಟ್ಟೆ. ಬಿರುಸಿನದು ನಾಲ್ಕು ಇಂಚಿಗೇ ಮರಳಿತು. ಮೆತ್ತನೆಯದು ಐದರ ಹತ್ತಿರ ನಿಂತುಬಿಟ್ಟಿತು.

ಕಾರಣ ಓದಿ ತಿಳಿದುಕೊಂಡೆ. ಮೆತ್ತನೆಯ ಬಟ್ಟೆ ನೈಲಾನ್ ಜೊತೆ ಎಲಾಸ್ಟೇನ್ ಸೇರಿಸಿದ್ದು. ಎಲಾಸ್ಟೇನ್ ಎಂದರೆ ರಬ್ಬರಿನಂತೆ ಹಿಗ್ಗುವ ಎಳೆ, ಆ ಎಳೆಯನ್ನು ಕ್ಲೋರಿನ್ ದಿನದಿನಕ್ಕೂ ತಿನ್ನುತ್ತದೆ. ಬಿರುಸಿನದು ಪಿಬಿಟಿ ಎಂಬ ಬಗೆಯ ಪಾಲಿಯೆಸ್ಟರ್. ಅದರ ನೂಲಿನಲ್ಲೇ ಹಿಗ್ಗುವ ಗುಣವಿದೆ, ಕ್ಲೋರಿನ್ನಿಗೆ ಅದು ಬೇಗ ಬಗ್ಗುವುದಿಲ್ಲ. ಮುಷ್ಟಿಯಲ್ಲಿ ಹಿಂಡಿದರೂ ಕೆನ್ನೆಗೆ ಒತ್ತಿದರೂ ಇದು ತಿಳಿಯುವಂಥದ್ದಲ್ಲ. ಸೀರೆ ವಾರಕ್ಕೆ ನಾಲ್ಕು ದಿನ ಕ್ಲೋರಿನ್ನಿನಲ್ಲಿ ಮುಳುಗುವುದಿಲ್ಲವಲ್ಲ. ದೊಡ್ಡ ಸೈಜ್ ಬರೆಸಿದ್ದು ಇನ್ನೊಂದು ತಪ್ಪು. ಈಜುಡುಗೆ ಮೈಗೆ ಅಂಟಿದಂತಿರಬೇಕು, ಸಡಿಲವಿದ್ದರೆ ನೀರು ಹೊರುತ್ತದೆ. ಸಾಲದ್ದಕ್ಕೆ ಮಕ್ಕಳ ತಾಯಂದಿರು ಅದನ್ನು ಬಿಸಿನೀರಿನಲ್ಲಿ ಸೋಡಾ ಹಾಕಿ ಒಗೆದು ಬಿಸಿಲಿಗೆ ಹರವುತ್ತಿದ್ದರು. ಕೊಳದಿಂದ ಬಂದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕೆಂದು ಹೇಳಬೇಕಾದವಳು ನಾನು. ಗೊತ್ತಿದ್ದರಲ್ಲವೇ ಹೇಳುವುದು!

ಹೆಡ್‌ಮಾಸ್ತರರ ಮುಂದೆ ತಪ್ಪೊಪ್ಪಿಕೊಂಡೆ. ಬಿರುಸು ಬಟ್ಟೆಯ ಉಡುಗೆಗಳು ಬಂದವು, ಒಬ್ಬೊಬ್ಬರ ಅಳತೆಗೆ. ಸುಮಿತ್ರಾಳ ಅಳತೆಯದನ್ನು ಹಿಡಿದುಕೊಂಡು ಒಂದು ಭಾನುವಾರ ರನ್ನ ಬೆಳಗಲಿಗೆ ಹೋದೆ.

ಅಜ್ಜಿ ಚಹಾ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. "ಈಜಾಕ ಹೋಗಂತ ನಾವೂ ಹೇಳಿ ನೋಡಿದ್ವಿ ರೀ. ಈಗ ಮಾರಿ ತೊಳ್ಕೊಳ್ಳಾಕೂ ಹೆದರತಾಳ" ಎಂದರು.

ಸುಮಿತ್ರಾ ಬಾಗಿಲ ಹತ್ತಿರ ನಿಂತಿದ್ದಳು. "ತಪ್ಪು ನಂದವ್ವಾ. ನೀ ಖರೇನ ಹೇಳಿದ್ದಿ, ನಾ ಕೇಳಲಿಲ್ಲ" ಎಂದು ಹೊಸ ಉಡುಗೆಯನ್ನು ಅವಳ ಕೈಗೆ ಕೊಟ್ಟೆ. ಅವಳು ತೋಳಿನ ಅಂಚನ್ನು ಎರಡೂ ಕೈಯಿಂದ ಎಳೆದಳು, ಬಿಟ್ಟಳು. ಮತ್ತೆ ಎಳೆದಳು. ಅದು ಪಟ್ಟನೆ ಮೊದಲಿನಂತಾಯಿತು. ಜಾಗರೂಕತೆಯಿಂದ ಮಡಚಿ ನನಗೇ ವಾಪಸ್ ಕೊಟ್ಟಳು.

"ಇದು ಛಲೋ ಐತ್ರಿ ಮೇಡಂ. ಬ್ಯಾರೆದವರಿಗಿ ಕೊಡ್ರಿ."

ಆಮೇಲೂ ನಾಲ್ಕಾರು ಸಲ ಹೋಗಿ ಕರೆದೆ. ಬರಲಿಲ್ಲ. ಈಗ ಪ್ರತಿ ದಿನವೂ ಮಕ್ಕಳು ನೀರಿಗಿಳಿಯುವ ಮೊದಲು ಎಲ್ಲರಿಂದ ಎರಡೂ ಕೈ ಮೇಲೆತ್ತಿಸಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಒಬ್ಬೊಬ್ಬರನ್ನೇ ಕೇಳುತ್ತೇನೆ. ಮಗು ಹೇಳಿದ್ದು ನೆವದಂತೆ ಕಂಡರೂ ಮೊದಲು ಉಡುಗೆಯನ್ನು ಮುಟ್ಟಿ ನೋಡುತ್ತೇನೆ. ಬಟ್ಟೆಯ ಸುದ್ದಿ ಅದನ್ನು ತೊಟ್ಟವರಿಂದಲೇ ಕೇಳಬೇಕೆಂದು ಈ ಕೆಲಸ ನನಗೆ ಕಲಿಸಿತು. ನಾನು ಕಲಿತೆ. ಸುಮಿತ್ರಾಳಿಗೆ ಇವತ್ತಿಗೂ ಈಜು ಬರುವುದಿಲ್ಲ.